ಏಳನೆಯ ದಿನದ ಸ್ಯಾಂಪಲ್ಲು

ಊರಿನ ಮನೆ, ಶೀಳನೆರೆ ಹೋಬಳಿ
ತಾ. ೯-೨-೨೦೨೫, ಭಾನುವಾರ, ಬೆಳಿಗ್ಗೆ ಎಂಟು ಗಂಟೆ

ಚಿ. ಧನುಶ್ರೀಗೆ ನಿಮ್ಮಪ್ಪನ ಆಶೀರ್ವಾದ.

ಅದಕ್ಕೇ ಮಗಾ, ನಿನ್ನೆ ಫೋನಿನಲ್ಲಿ ನಾನು ಎರಡೆರಡು ಸಲ ಕೇಳಿದ್ದು, ನಿನ್ನ ಸೀಸೆಯ ಪದಾರ್ಥ ಒಮ್ಮೆ ಒಡೆದು ನೀರಾದರೆ ಮತ್ತೆ ಕೂಡುತ್ತದೆಯೇ ಎಂದು. ನೀನು ನಕ್ಕುಬಿಟ್ಟೆ. "ಮೊಸರಲ್ಲ ಕಣಪ್ಪಾ ಅದು. ಬಿಸಿ ಮಾಡಿ ಆರಕ್ಕೆ ಬುಟ್ರೆ ಮತ್ತೆ ಕೂಡ್ಕತದೆ. ಕೂಡೋ ಗುಣ ಇದ್ರೆ ತಾನೆ?" ಎಂದೆ. ಆ ಕೊನೆಯ ಮಾತಿಗೆ ಬರುವಷ್ಟರಲ್ಲಿ ನಿನ್ನ ದನಿ ಸಣ್ಣದಾಯಿತು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು ಸೀಮೆಹಸುವಿನ ಕೆಚ್ಚಲು ಬಾತಿರುವ ಸುದ್ದಿ. ಹದಿನೈದು ನಿಮಿಷ ಕೆಚ್ಚಲಿನ ಮಾತಾಡಿ ಫೋನಿಟ್ಟೆ.

ತಡವಾದದ್ದಕ್ಕೆ ಕ್ಷಮಿಸು ಎಂದು ಕಾಗದದ ತಲೆಯಲ್ಲಿ ಬರೆಯುವುದುಂಟು. ಈ ಕಾಗದ ಐದು ದಿನ ತಡ. ಮಂಗಳವಾರ ಸಂಜೆ, ನೀನು ಇಲ್ಲೇ ನನ್ನ ಎದುರು ನಿಂತಿದ್ದಾಗ ಬಾಯಲ್ಲಿ ಹೇಳಬೇಕಾಗಿದ್ದು ಇದು.

ಈ ಕಾಲದಲ್ಲಿ ಕಾಗದ ಯಾಕೆ ಎನ್ನುತ್ತೀಯ. ವಾಟ್ಸಾಪಿನಲ್ಲಿ ಮೂರು ಸಲ ಟೈಪು ಮಾಡಿದೆ, ಮೂರು ಸಲ ಅಳಿಸಿದೆ. ಕೊನೆಗೆ ಹೋದದ್ದು ಒಂದು ಗುಲಾಬಿ ಹೂವು, ಗುಡ್ ಮಾರ್ನಿಂಗು, ಅದೂ ಮಧ್ಯಾಹ್ನ ಎರಡು ಗಂಟೆಗೆ. ಆವತ್ತು ನೀನೇ ಕೇಳಿದೆ, "ಅಪ್ಪಾ, ಚೆನ್ನಾಗಿದ್ದೀಯಾ ತಾನೆ?" ಎಂದು.

ವಿಷಯಕ್ಕೆ ಬರುತ್ತೇನೆ. ನಾಳೆ ಹತ್ತು ಗಂಟೆಗೆ ನೀನು ನಿಮ್ಮ ಗೈಡು ಅರ್ಚನ ಮೇಡಂ ಮುಂದೆ ಕೂತು, ಎರಡು ವರ್ಷ ಮೈಮುರಿದು ಮಾಡಿದ ಆ ಹಳದಿ ಪದಾರ್ಥ ಗಟ್ಟಿಯಾಗುವ ಜಾತಿಯದ್ದಲ್ಲ, ಕೈಬಿಡುತ್ತೇನೆ ಎಂದು ಹೇಳಲಿದ್ದೀಯ. ಅದನ್ನು ನೀನು ಹೇಳಬಾರದು. ಯಾಕೆ ಹೇಳಬಾರದು ಎಂಬುದು ಇಡೀ ಲೋಕದಲ್ಲಿ ಗೊತ್ತಿರುವುದು ನನಗೊಬ್ಬನಿಗೆ.

ನೋಡು, ಇಷ್ಟು ಬರೆದು ಎದ್ದುಹೋಗಿ ಹಸುವಿಗೆ ಹುಲ್ಲು ಹಾಕಿ ಬಂದೆ. ಹುಲ್ಲು ಆಗಲೇ ಹಾಕಿತ್ತು. ಕೂತಲ್ಲಿ ಕೂರಲಾಗುತ್ತಿಲ್ಲ. ಪೆನ್ನು ಹಿಡಿದು ಜಗಲಿಯಲ್ಲಿ ಕೂತದ್ದನ್ನು ನಿಮ್ಮ ದೊಡ್ಡವ್ವ ಬೈರಮ್ಮ ನಡುಬಾಗಿಲಿನಿಂದ ನೋಡಿದಳು. ನಮ್ಮಣ್ಣ ಹೋದ ಮೇಲೂ ಅತ್ತಿಗೆಯ ಬಾಯಿ ಹಾಗೇ ಇದೆ.

"ಏನಪ್ಪಾ ಸೆಗ್ರೆಟ್ರಿ, ಯಾರ್ಗೆ ನೋಟೀಸು?" ಎಂದಳು. ನಾನು ಹಾಲಿನ ಸೊಸೈಟಿಯಿಂದ ರಿಟೈರಾಗಿ ಏಳು ವರ್ಷವಾದರೂ ಅವಳಿಗೆ ನಾನಿನ್ನೂ ಸೆಕ್ರೆಟರಿಯೇ.

"ಧನೂಗೆ" ಎಂದೆ.

"ಯೋಳಿದ್ಯಾ?"

"ಏನ್ನ?"

"ಏನ್ನ ಅಂತೀಯಲ್ಲಪ್ಪಾ! ಆವತ್ತು ಕಣಜದ ಕ್ವಾಣೆಯಿಂದ ಈಚ್ಗೆ ಬಂದಾಗ ನಿನ್ ಮಕ ನಾನ್ ನೋಡ್ನಿಲ್ವಾ? ಕ್ಯಾನ್‌ಗಟ್ಲೆ ಆಲು ಚೆಲ್ದೋನ್ ಮಕ ಅಂಗಿರ್ತದೆ. ಮಂಗ್ಳವಾರ ಆ ಕೂಸು ಬಂದು ಡಬ್ಬ ನೋಡ್ಬುಟ್ಟು, ಇತ್ಲಲ್ಲಿ ಕುಂತ್ಕಂಡು ಅರ್ಧ ಗಂಟೆ ಕರೂನ ಮೈ ಸವರ್ತಿತ್ತು. ನಾನೇನ್ ಕುರುಡಿಯಾ?"

ನಾನು ತಲೆ ಬಗ್ಗಿಸಿ ಬರೆದೆ. ಅವಳು ಹೋಗಲಿಲ್ಲ. "ಬರ್ದು ಮಡೀಕಬ್ಯಾಡ. ತಕ್ಕಂಡೋಗಿ ಕೊಡು. ಇವತ್ತೇಯ" ಎಂದು, ಒಳಗೆ ಹೋದಳು.

ಸರಿ, ಮೊದಲಿನಿಂದ ಬರೆಯುತ್ತೇನೆ. ನನಗೆ ಗೊತ್ತಿರುವುದನ್ನು ನನಗೇ ಯಾಕೆ ಹೇಳುತ್ತಾನೆ ಎನ್ನಿಸಬಹುದು ನಿನಗೆ. ನಾನು ಎಷ್ಟು ತಿಳಿದುಕೊಂಡಿದ್ದೆ ಎಂಬುದು ನಿನಗೆ ಗೊತ್ತಾಗಬೇಕು. ಪಾಪ, ಅಪ್ಪನಿಗೆ ತಿಳಿಯದೆ ಆಯಿತು ಎಂದು ನೀನು ನನ್ನ ಪರ ವಕಾಲತ್ತು ವಹಿಸಬಾರದು.

ಜನವರಿ ಇಪ್ಪತ್ತಾರಕ್ಕೆ ನೀನು ಹೆಬ್ಬೆರಳುದ್ದದ ಆರು ಗಾಜಿನ ಸೀಸೆ ತಂದೆ. ನಿಮ್ಮ ಲ್ಯಾಬಿನ ಮೇಲಿನ ಅಂತಸ್ತಿನಲ್ಲಿ ಟೈಲ್ಸ್ ಕೀಳುತ್ತಿದ್ದರು, ದಿನವೆಲ್ಲ ಡ್ರಿಲ್ಲು. ಮೂರು ಸಲ ಇಟ್ಟರೂ ಪದಾರ್ಥ ಗಟ್ಟಿಯಾಗಿರಲಿಲ್ಲ. ತಪ್ಪು ಡ್ರಿಲ್ಲಿನದೋ ಪದಾರ್ಥದ್ದೋ ತಿಳಿಯಬೇಕು, ಅದಕ್ಕೆ ಅಲುಗಾಟವಿಲ್ಲದ, ತಂಪಾದ, ಕತ್ತಲೆಯ ಜಾಗ ಬೇಕು ಎಂದೆ. ನಮ್ಮ ರಾಗಿ ಕಣಜದ ಕೋಣೆಗಿಂತ ತಂಪು, ಕತ್ತಲೆ ಈ ತಾಲ್ಲೂಕಿನಲ್ಲೇ ಇಲ್ಲ ಎಂದು ಜಂಬ ಕೊಚ್ಚಿದವನು ನಾನೇ. ನೀನು ಒಲೆಯ ಮೇಲೆ ಬಿಸಿನೀರಿಟ್ಟು ಅದರಲ್ಲಿ ಸೀಸೆಗಳನ್ನು ಇಳಿಬಿಟ್ಟೆ. ಹಳದಿ ಪುಡಿ ಕರಗಿ ಕಬ್ಬಿನ ಪಾಕದ ಬಣ್ಣಕ್ಕೆ ಬಂತು, ಅಡುಗೆಮನೆಯೆಲ್ಲ ಸ್ಪಿರಿಟ್ಟಿನ ವಾಸನೆ. ದೊಡ್ಡವ್ವ ಮೂಗಿಗೆ ಸೆರಗು ಹಿಡಿದು, "ಇದ್ಯಾವ ಸಾರು ಕಾಯಿಸ್ತಾವ್ಳೆ ಇವ್ಳು" ಎಂದಳು.

ನಾನು ಕೇಳಿದೆ, ಇದರೊಳಗೆ ಏನು ನಡೆಯುತ್ತದೆ ಎಂದು. ನೀನು ಸ್ಟೂಲಿನ ಮೇಲೆ ಕೂತು ಹೇಳಿದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ. "ಕಣ್ಗೆ ಕಾಣ್ದಂಥ ಸಣ್ಣ ಅಣು ಕಣಪ್ಪಾ. ಬಿಸೀಲಿ ದಿಕ್ಕಾಪಾಲಾಗಿ ಓಡಾಡ್ತಿರ್ತವೆ. ಆರ್ತಾ ಬಂದಂಗೆ ಒಂದರ ಬೆನ್ಗೆ ಒಂದು ಅಂಟ್ಕಂಡು ನೂಲಾಯ್ತವೆ. ನೂಲು ನೂಲು ಎಣ್ಕಂಡು ಬಲೆಯಾಯ್ತದೆ. ಆ ಬಲೆ ಇಡೀ ಸೀಸೆಯ ದ್ರವಾನ ಇಡ್ಕಂಡು ನಿಲ್ಲಿಸ್ಬುಡ್ತದೆ. ಅದೇ ಜೆಲ್ಲು."

"ಅವುನ್ನ ಕೂಡಿಸೋರು ಯಾರು?" ಎಂದೆ.

"ಯಾರೂ ಇಲ್ಲ. ತಾವಾಗೇ. ಸೆಲ್ಫ್ ಅಸೆಂಬ್ಲಿ ಅಂತಾರೆ."

ನನಗೆ ನಗು ತಡೆಯಲಾಗಲಿಲ್ಲ. ಅಸೆಂಬ್ಲಿ ಎಂದರೆ ನನ್ನ ಕಾಲೇಜಿನ ಡಿಕ್ಷನರಿಯಲ್ಲಿ ಸಭೆ. ಮೂವತ್ತೊಂದು ವರ್ಷ ಸೊಸೈಟಿಯ ವಾರ್ಷಿಕ ಸಭೆ ಕರೆದವನು ನಾನು. ಡಂಗುರ ಹೊಡೆಸಿ, ಮನೆ ಮನೆಗೆ ಹೋಗಿ, ಬೋಂಡ ಮಾಡಿಸಿದರೂ ಕೋರಂ ಆಗುತ್ತಿರಲಿಲ್ಲ. ಕರೆಯದೆ ಬಂದು ಸಾಲಾಗಿ ನಿಲ್ಲುವ ಮೆಂಬರುಗಳು ನಿನ್ನ ಸೀಸೆಯಲ್ಲಿವೆ ಎಂದೆ. ನೀನೂ ನಕ್ಕೆ. ನಿಮ್ಮವ್ವ ಹೋದ ಮೇಲೆ ಆ ಅಡುಗೆಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು ಎಂದು ನನಗೆ ಆಮೇಲೆ ಹೊಳೆಯಿತು.

ನೂಲು ಸರಿಯಾಗಿ ಹೆಣೆದುಕೊಂಡರೆ ಬೆಳಕು ಬಿದ್ದಾಗ ಅದರುದ್ದಕ್ಕೂ ಕರೆಂಟು ಹರಿಯುತ್ತದೆ, ಕತ್ತಲೆಯಲ್ಲಿ ನಿಲ್ಲುತ್ತದೆ ಎಂದು ನೀನು ಹೇಳಿದೆ. ಹಾಳೆಯಂತೆ ಬಗ್ಗುವ, ಬೆಳಕನ್ನು ಕಂಡುಹಿಡಿಯುವ ತೆಳುವಾದ ಪದರ ಮಾಡಬಹುದು, ಈಗಿನ ಬಿರುಸಾದ ಬಿಲ್ಲೆಗಳ ಬದಲು. ಬೇರೆ ಯಾವುದೋ ಹಳೆಯ ಪದಾರ್ಥದ ಒಂದು ತುಣುಕನ್ನು ಮೀಟರಿಗೆ ಸಿಕ್ಕಿಸಿ, ನನ್ನ ಕೈಗೆ ಟಾರ್ಚು ಕೊಟ್ಟು, ಹಾಕು ಆರಿಸು, ಹಾಕು ಆರಿಸು ಎಂದೆ. ನಾನು ಹಾಕಿದಾಗೆಲ್ಲ ಮೀಟರಿನ ಅಂಕಿ ಎದ್ದು ಕೂತಿತು. ನಿನ್ನ ಹೊಸದು ಗಟ್ಟಿಯಾದರೆ ಇದಕ್ಕಿಂತ ಹತ್ತು ಪಟ್ಟು ಏಳುತ್ತದೆ ಎಂದೆ. ಅದು ನಿನ್ನದು, ಬೇರೆ ಯಾರೂ ಮಾಡಿಲ್ಲ ಎಂದೆ.

ಆಮೇಲೆ ನೀನು ಸೀಸೆಗಳಿಗೆ ಬೆಳ್ಳಿ ಕಾಗದ ಸುತ್ತಿ, ಡಬ್ಬದಲ್ಲಿಟ್ಟು, ಕಣಜದ ಕಟ್ಟೆಯ ಮೇಲೆ ಕೂರಿಸಿ ಹೇಳಿದೆ: "ಇಲ್ಲೂ ಗಟ್ಟಿಯಾಗ್ನಿಲ್ಲ ಅಂದ್ರೆ ಈ ಜಲ್ಮಕ್ಕಾಗಲ್ಲ ಅಪ್ಪಾ, ಆಗ ಬುಟ್ಬುಡ್ತೀನಿ. ಒಂಬತ್ತು ದಿನ. ಮುಟ್ಬ್ಯಾಡ, ತಗೀಬ್ಯಾಡ, ಅಲುಗಿಸ್ಬ್ಯಾಡ."

"ಆಯ್ತು ಕಣವ್ವಾ" ಎಂದೆ.

ಇಷ್ಟೂ ನನಗೆ ಗೊತ್ತಿತ್ತು.

ಕೆ.ಆರ್. ಪೇಟೆ ಬಸ್ ನಿಲ್ದಾಣ, ಹನ್ನೆರಡು ಗಂಟೆ

ಭಾನುವಾರ ಅಂಚೆಯಿಲ್ಲ, ಇದ್ದರೂ ನಾಳೆ ಹತ್ತರೊಳಗೆ ಮುಟ್ಟುವುದಿಲ್ಲ. ಮೈಸೂರಿಗೆ ನಾನೇ ಕೈಯಾರೆ ತಂದುಕೊಡೋಣವೆಂದು ಹೊರಟೆ. ಪಾಂಡವಪುರದ ಕಡೆಯ ಬಸ್ಸು ಇನ್ನೂ ಬಂದಿಲ್ಲ. ಬಂದಿದ್ದ ಒಂದನ್ನು ಬಿಟ್ಟೆ ಎಂದು ಬರೆದರೆ ಸರಿಯಾಗುತ್ತದೆ.

ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಾಳೆ, ದೇವಲಾಪುರಕ್ಕೆ ಹೋಗುವವಳು. ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದಾಳೆ. "ಏನಣ್ಣಾ ಅಷ್ಟುದ್ದ ಬರೀತಿದ್ದೀರಿ, ಕೋರ್ಟಿನ್ ಕಾಗ್ದವಾ?" ಎಂದಳು. ಮಗಳಿಗೆ ಎಂದೆ. "ಫೋನ್ ಮಾಡ್ಬಾರ್ದಾ?" ಎಂದಳು. ಫೋನಿನಲ್ಲಿ ಬಾಯಿ ಬೇರೆ ಕಡೆ ತಿರುಗುತ್ತದೆ ಎಂದೆ. ಅವಳು "ನಮ್ಮೆಜಮಾನ್ರುದೂ ಅಂಗೇಯ" ಎಂದಳು. ದೇವಲಾಪುರ ನಿಮ್ಮವ್ವನ ತವರು ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಮಾತು ಆ ಕಡೆ ಹೊರಟರೆ ನಾನು ಈ ಕಾಗದ ಮುಗಿಸುವುದಿಲ್ಲ.

ಏಳನೆಯ ದಿನ. ಹೋದ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ.

ಆರು ದಿನ ಆ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ಬಂದಿದ್ದೆ. ಏಳನೆಯ ದಿನ ಒಳಗೆ ಹೋದೆ. ನೋಡೋಣ ಅನ್ನಿಸಿತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ನನ್ನಲ್ಲಿ ಇಲ್ಲ. ನಿಮ್ಮವ್ವ ಹೆಪ್ಪು ಹಾಕಿದ ಗಡಿಗೆಯನ್ನು ಬೆಳಿಗ್ಗೆ ಎದ್ದು ತುಸು ಓರೆ ಮಾಡಿ ನೋಡುತ್ತಿದ್ದಳು. ನಾನು ಕೈ ಹಾಕಲು ಹೋದರೆ, "ಕುಂತ್ಕಂಡದೆ, ಅಲುಗಿಸ್ಬ್ಯಾಡಿ" ಎನ್ನುತ್ತಿದ್ದಳು. ಮೊಸರು ಕೂರುತ್ತದೆ ಎಂದೇ ಅವಳು ಹೇಳುತ್ತಿದ್ದದ್ದು, ನೆಂಟರ ಬಗ್ಗೆ ಹೇಳಿದ ಹಾಗೆ. ನಾನೂ ಹಾಗೇ, ಒಂದನ್ನು ಮಾತ್ರ, ಬಾಗಿಲಿನ ಬೆಳಕಿಗೆ ಹಿಡಿದು ಬೆಳ್ಳಿ ಕಾಗದ ಬಿಚ್ಚಿದೆ.

ಓರೆ ಮಾಡಿದೆ. ಜಾರಲಿಲ್ಲ. ಇನ್ನೂ ಓರೆ ಮಾಡಿದೆ. ಪೂರ್ತಿ ತಲೆಕೆಳಗು ಮಾಡಿದೆ. ತಳದಲ್ಲೇ ನಿಂತಿತ್ತು, ಒಂದು ಹನಿ ಕೆಳಗೆ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ.

ಗಟ್ಟಿಯಾಗಿತ್ತು ಧನೂ. ನಿನ್ನ ಪದಾರ್ಥ ಗಟ್ಟಿಯಾಗಿತ್ತು.

ಈಗ ನನ್ನ ಕೈಯ ವಿಚಾರ. ಸೊಸೈಟಿಗೆ ಸೇರಿದ ಮೊದಲ ದಿನ ನನಗೆ ಕಲಿಸಿದ್ದು ಒಂದೇ ಪಾಠ: ಸ್ಯಾಂಪಲ್ ಬಾಟಲಿ ಕೈಗೆ ಬಂದರೆ ಮೊದಲು ತಲೆಕೆಳಗು, ಆಮೇಲೆ ಅಲ್ಲಾಡಿಸು. ಇಲ್ಲದಿದ್ದರೆ ಕೆನೆ ಮೇಲೆ, ನೀರು ಕೆಳಗೆ, ಬಡವರ ಹಾಲಿಗೆ ಸುಳ್ಳು ಜಿಡ್ಡಿನಂಶ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ನೂರಿಪ್ಪತ್ತು ಬಾಟಲಿ, ಮೂವತ್ತೊಂದು ವರ್ಷ. ಕಣ್ಣು ತೂಗುತ್ತಿದ್ದರೂ ಈ ಕೈ ಮರೆತದ್ದಿಲ್ಲ. ಆವತ್ತು ನಾನು ಸೀಸೆಯನ್ನು ತಲೆಕೆಳಗು ಮಾಡಿದ್ದೇ ತಡ, ಕೈ ತನ್ನ ಎರಡನೆಯ ಕೆಲಸವನ್ನೂ ಮಾಡಿಬಿಟ್ಟಿತು. ಟಕ್ ಟಕ್ ಟಕ್, ಮೂರು ಸಲ.

ನೀರಾಯಿತು. ಕಣ್ಣೆದುರಿಗೇ.

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಇಂಗ್ಲಿಷ್ ಮೇಷ್ಟ್ರು ಕ್ರಿಯಾಪದದ ಮೂರು ಕಾಲಂ ಬಾಯಿಪಾಠ ಹೇಳಿಸುತ್ತಿದ್ದರು. ಶೇಕ್, ಶುಕ್, ಶೇಕನ್. ಇಂಗ್ಲಿಷಿನಲ್ಲಿ ಫೇಲಾದವನಿಗೆ ಆ ಹೊತ್ತಿನಲ್ಲಿ ಆ ಮೂರು ಪದ ಸರಿಯಾಗಿ ನೆನಪಾದವು. ಐ ಬೆಗ್ ಟು ಸ್ಟೇಟ್ ದಟ್ ಐ ಹ್ಯಾವ್ ಶೇಕನ್. ರಜಾ ಅರ್ಜಿಯ ಇಂಗ್ಲಿಷು ಬಿಟ್ಟರೆ ನನಗೆ ಬೇರೆ ಬರುವುದಿಲ್ಲ. ಇದೇ ಮಾತನ್ನು ಕನ್ನಡದಲ್ಲಿ ಬರೆದು ಹೊಡೆದುಹಾಕಿದೆ, ಅದಕ್ಕೆ ಹೀಗೆ.

ಉಳಿದ ಐದು? ಗಾಬರಿಯಲ್ಲಿ ಡಬ್ಬವನ್ನು ಮತ್ತೆ ಮೇಲಿಡಲು ಹೋದೆ. ಕೈ ಜಾರಿ ಕಟ್ಟೆಗೆ ತಗುಲಿತು, ಒಳಗಿನ ಪದಾರ್ಥ ಅವುಗಳಲ್ಲೂ ಒಡೆದು ನೀರಾಯಿತು. ಬೆಳ್ಳಿ ಕಾಗದ ಸುತ್ತಿ, ಇದ್ದ ಹಾಗೇ ಇಟ್ಟು ಬಂದೆ.

ಬಸ್ಸು ಬಂತು. ಆ ಹೆಣ್ಣುಮಗಳದ್ದಲ್ಲ, ನನ್ನದು. ಹತ್ತುತ್ತೇನೆ.

ಶ್ರೀರಂಗಪಟ್ಟಣ, ಹೊಳೆ ಮೆಟ್ಟಿಲು, ಐದೂ ಕಾಲು

ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎನ್ನುತ್ತೀಯ. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಚಿನಕುರಳಿಯವರೆಗೂ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿಕೊಂಡು ಬಂದೆವು. ಅಷ್ಟುದ್ದಕ್ಕೂ ನನ್ನ ಕಣ್ಣಮುಂದೆ ಮಂಗಳವಾರ. ನೀನು ಬಂದು, ಕೈಕಾಲು ಕೂಡ ತೊಳೆಯದೆ, ನೇರ ಆ ಕೋಣೆಗೆ ಹೋದೆ. ಒಂದೊಂದಾಗಿ ಬಿಚ್ಚಿ ಓರೆ ಮಾಡಿದೆ. ಒಂದೊಂದೂ ಹರಿಯಿತು. ನಾನು ಬಾಗಿಲ ದಾರಂದ ಹಿಡಿದುಕೊಂಡು ನಿಂತಿದ್ದೆ. ಆರನೆಯದು ಮುಗಿದ ಮೇಲೆ ನೀನು ತಿರುಗಿ ಕೇಳಿದೆ, "ಯಾರಾದ್ರೂ ಮುಟ್ಟಿದ್ರಾ ಅಪ್ಪಾ?"

"ಇಲ್ಲ ಕಣವ್ವಾ. ನಾನು ಆ ಕಡೀಕೇ ಓಗ್ನಿಲ್ಲ" ಎಂದೆ.

ನೀನು ಇನ್ನೊಂದು ಸಲ ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನಂಬಿಬಿಟ್ಟೆ. ಪುಸ್ತಕ ತೆಗೆದು ಒಂದು ಸಾಲು ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಹಿತ್ತಿಲಿಗೆ ಹೋದೆ. ಅಪ್ಪನ ಮಾತು ಅಂದರೆ ನಿನಗೆ ಅಷ್ಟು ಸಾಕು ಎಂದು ನನಗೆ ಆವತ್ತೇ ಗೊತ್ತಾದದ್ದು.

ಅದಕ್ಕೇ ಪಾಂಡವಪುರದಲ್ಲಿ ಇಳಿದುಬಿಟ್ಟೆ. ಇಳಿಯಬೇಕಾಗಿರಲಿಲ್ಲ. ಐದು ದೀಪದ ಸರ್ಕಲ್ಲಿನಲ್ಲಿ ಎರಡು ಸುತ್ತು ಹಾಕಿ, ಹೊನ್ನಪ್ಪನ ಮನೆಗೆ ಹೋದೆ. ಅವನು ನಿನಗೆ ಗೊತ್ತು, ಚಿಲ್ಲಿಂಗ್ ಸೆಂಟರಿನಲ್ಲಿ ನನ್ನ ಮೇಲಿನ ಸೂಪರ್‌ವೈಸರ್ ಆಗಿದ್ದವನು. ಬನಿಯನ್ನಿನಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ.

"ಏನ್ಲಾ ಜವ್ರ, ದಾರಿ ತಪ್ಪುಸ್ಕಂಡು ಬಂದ್ಯಾ?"

"ಒಂದ್ ವಿಚಾರ ಕೇಳ್ಬೇಕಿತ್ತು ಕಣ್ಲಾ. ಆರು ಸ್ಯಾಂಪಲ್ಲು. ಒಂದು ಚೆನ್ನಾಗಿ ಬಂದದೆ, ಕಣ್ಣಾರೆ ನೋಡಿವ್ನಿ. ಇನ್ನೈದು ನೋಡೋಕ್ ಮುಂಚೇನೆ ಕೆಟ್ಟೋದ್ವು. ಒಂದ್ರ ಮೇಲೆ ರಿಜಲ್ಟು ಬರೀಬೋದಾ?"

"ಲೇ, ಏಳ್ ವರ್ಸ ಆಯ್ತು ರಿಟೈರಾಗಿ. ಇನ್ನೂ ಬಾಟ್ಲಿ ಅಲ್ಲಾಡಿಸ್ತಾ ಕುಂತಿದ್ದೀಯಾ?" ಎಂದು ನಕ್ಕ. ಅವನಿಗೆ ಏನೂ ಗೊತ್ತಿಲ್ಲದೆ ಆಡಿದ ತಮಾಷೆ. ನನಗೆ ಬೆನ್ನೆಲ್ಲ ಬೆವರಿತು.

"ಯೋಳ್ಲಾ" ಎಂದೆ.

"ಒಂದ್ರಾಗೇನ್ಲಾ ಗೊತ್ತಾಯ್ತದೆ? ಒಂದು ಅನ್ನೋದು ಅದೃಷ್ಟ. ಅದುನ್ನ ಮೇಲಿನೋರು ಒಪ್ಪಕ್ಕಿಲ್ಲ. ಆರಕ್ಕೆ ಆರೂ ಬಂತು ಅನ್ನು, ಆಗ ಅದು ರಿಜಲ್ಟು. ಅದೂವೆ ಯಾರಾರ ನಿಂತ್ಕಂಡು ನೋಡಿರ್ಬೇಕು, ಎಸ್ರು ಬರ್ದು ಸೈನ್ ಆಕ್ಬೇಕು. ಯಾಕ್ಲಾ ಇಂಗ್ ಬೆವರ್ತಿದ್ದೀಯಾ? ಬಿಪಿ ಮಾತ್ರೆ ತಕ್ಕಂಡ್ಯಾ? ಕುಂತ್ಕೋ, ಮಜ್ಗೆ ಕುಡಿ."

ಮಜ್ಜಿಗೆ ಕುಡಿದೆ. ಊಟ ಮಾಡು ಎಂದ, ಮಾಡಿದೆ. ಏನು ತಿಂದೆ ಎಂದು ಕೇಳಿದರೆ ಹೇಳಲಾರೆ. ಅವನು ಕುಂತಿಬೆಟ್ಟದ ಹತ್ತಿರದ ತನ್ನ ಗದ್ದೆಯ ವಿಚಾರ ಹೇಳಿದ, ನಾನು ಹೂಂಗುಟ್ಟಿದೆ. ಮೂರೂವರೆಗೆ ಬಿಟ್ಟ.

ಅಲ್ಲಿಂದ ಮೈಸೂರಿಗೇ ಟಿಕೆಟು ತೆಗೆದುಕೊಂಡಿದ್ದೆ, ಆದರೆ ಇಲ್ಲಿ ಬಂದ ಕೂಡಲೇ ಎದ್ದು ಇಳಿದೆ. ಕಂಡಕ್ಟರು, "ಯಜಮಾನ್ರೇ, ಇದು ಮೈಸೂರಲ್ಲ" ಎಂದ. ಗೊತ್ತಪ್ಪ ಎಂದೆ. ನಿನ್ನ ಹಾಸ್ಟೆಲ್ಲಿಗೆ ಇಲ್ಲಿಂದ ಮುಕ್ಕಾಲು ಗಂಟೆ. ಗೇಟು ಎಂಟಕ್ಕೆ ಹಾಕುತ್ತಾರೆ ಎಂದು ನೀನು ಹೇಳಿದ್ದೀಯ. ಹೊಳೆ ಮೆಟ್ಟಿಲ ಮೇಲೆ ಕೂತು ಬರೆದು ಮುಗಿಸಿ, ಎದ್ದು ಹೋಗಿ, ಕೊಡುತ್ತೇನೆ. ಕೆಳಗಿನ ಮೆಟ್ಟಿಲಲ್ಲಿ ಒಂದು ಸಂಸಾರ ಒದ್ದೆ ಬಟ್ಟೆ ಹಿಂಡಿಕೊಳ್ಳುತ್ತಿದೆ. ತೆಪ್ಪದವನು ನನ್ನನ್ನು ಎರಡು ಸಲ ಕೂಗಿ ಕರೆದ, ಬೇಡವೆಂದು ಕೈಯಾಡಿಸಿದೆ. ಸುಮ್ಮನೆ ಕೂತಿರುವವರು ಇಲ್ಲಿ ಬಹಳ ಜನ. ನಾನೊಬ್ಬನೇ ಸುಮ್ಮನೆ ಕೂರಲಾಗದವನು.

ಈಗ ಮಾಡಬೇಕಾದ್ದು ಬರೆಯುತ್ತೇನೆ, ಕೇಳು. ನಾಳೆ ಅರ್ಚನ ಮೇಡಂಗೆ ಕೈಬಿಡುತ್ತೇನೆ ಎನ್ನಬೇಡ. ಇನ್ನು ಒಂಬತ್ತು ದಿನ ಕೊಡಿ ಎಂದು ಕೇಳು. ಆ ಸೀಸೆಗಳು ನಿನ್ನ ಹತ್ತಿರವೇ ಇವೆಯಲ್ಲ, ಮತ್ತೆ ಬಿಸಿ ಮಾಡಿ ಆರಲು ಬಿಡು. ಅವು ಒಂದು ಸಲ ಕೂಡಿದ್ದವು, ಮತ್ತೆ ಕೂಡುತ್ತವೆ. ನಿನ್ನ ಮೆಂಬರುಗಳ ಬಗ್ಗೆ ನನಗೆ ನಂಬಿಕೆಯಿದೆ. ಜಾಗ ಬೇಕಾದರೆ ಕಣಜದ ಕೋಣೆ ಇದೆ. ಬೀಗ ಹಾಕಿ ಕೀಲಿಕೈಯನ್ನು ನಿಮ್ಮ ದೊಡ್ಡವ್ವನ ಸೆರಗಿಗೆ ಕಟ್ಟು, ನನ್ನ ಕೈಗೆ ಕೊಡಬೇಡ. ಒಂಬತ್ತು ದಿನ ನಾನು ಊರಲ್ಲೇ ಇರಬಾರದು ಎಂದರೆ ನಾಗಮಂಗಲದಲ್ಲಿ ನಿಮ್ಮ ಸೋದರಮಾವನ ಮನೆಗೆ ಹೋಗಿರುತ್ತೇನೆ.

ಕೋಪ ಬಂದರೆ ಕೋಪ ಮಾಡು. ಮಾತು ಬಿಡಬೇಡ ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ವೇಳೆಗೆ ಸರಿಯಾಗಿ ಊಟ ಮಾಡು. ಕನ್ನಡಕದ ಕಡ್ಡಿ ಮುರಿದಿತ್ತಲ್ಲ, ಸರಿ ಮಾಡಿಸಿಕೊ. ನಿಮ್ಮವ್ವನ ಹೊಟ್ಟೆಯ ತಂಪು, ನಮ್ಮ ಮನೆದೇವರ ಕಣ್ಣು ನಿನ್ನ ಮೇಲಿರಲಿ. ಕೈ ಹಿಡಿದದ್ದೆಲ್ಲ ನಿನಗೆ ಗಟ್ಟಿಯಾಗಿ ನಿಲ್ಲಲಿ.

ಇತಿ, ನಿಮ್ಮಪ್ಪ
ಜವರಯ್ಯ

ತಾ.ಕ.: ಸಹಿ ಹಾಕಿ, ಮಡಚಿ, ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ವಾಪಸ್ಸು ಬಂದು ಅದೇ ಮೆಟ್ಟಿಲ ಮೇಲೆ ಕೂತಿದ್ದೇನೆ.

ಡಬ್ಬ ಕೈಜಾರಲಿಲ್ಲ ಧನೂ.

ಮೊದಲನೆಯದು ನೀರಾದ ಮೇಲೆ ನಾನು ಕಣಜದ ಕಟ್ಟೆಗೆ ಒರಗಿ ನಿಂತೆ. ತಲೆ ಓಡಿತು. ಒಂದು ಮಾತ್ರ ನೀರು, ಐದು ಗಟ್ಟಿ ಎಂದಾದರೆ ಯಾರೋ ಕೈಯಿಟ್ಟಿದ್ದಾರೆ ಎಂದು ನಿನಗೆ ಆ ಕ್ಷಣವೇ ತಿಳಿಯುತ್ತದೆ. ಆರೂ ನೀರಾದರೆ? ಸೊಸೈಟಿಯಲ್ಲಿ ಒಬ್ಬನ ಹಾಲು ಒಡೆದರೆ ಅವನನ್ನು ಹಿಡಿದು ಕೇಳುತ್ತಿದ್ದೆವು. ಊರಿಗೂರೇ ಒಡೆದರೆ ಸೆಕೆ ಜಾಸ್ತಿ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆವು. ಆ ಬುದ್ಧಿ ಬಂತು. ಮೊದಲನೆಯದು ಕೈಯ ಅಭ್ಯಾಸ. ಉಳಿದ ಐದು ನಾನು.

ಒಂದೊಂದನ್ನೂ ಬಿಚ್ಚಿದೆ. ಒಂದೊಂದನ್ನೂ ಮೊದಲು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದು ನೋಡಿದೆ, ಆಮೇಲೆ ಅಲ್ಲಾಡಿಸಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಪ್ರತಿಯೊಂದೂ ನಿಂತಿತ್ತು. ಐದನೆಯದು ಎಲ್ಲಕ್ಕಿಂತ ಗಟ್ಟಿ, ಮೂರು ಸಲಕ್ಕೆ ಒಡೆಯಲಿಲ್ಲ, ಆರೇಳು ಸಲ ಬೇಕಾಯಿತು. ಇದನ್ನು ಹೇಳದಿದ್ದರೆ ನಿನಗೆ ಒಂದೇ ಸೀಸೆಯ ಸಾಕ್ಷಿ, ಅದನ್ನು ಯಾರೂ ಒಪ್ಪುವುದಿಲ್ಲ. ಇದನ್ನು ಹೇಳಿದರೆ ನೀನು ನನ್ನನ್ನು ಇನ್ನು ಮುಂದೆ ಯಾವ ಕಣ್ಣಿನಿಂದ ನೋಡುತ್ತೀಯೋ ನನಗೆ ಗೊತ್ತಿಲ್ಲ. ಎರಡನ್ನೂ ತೂಗಿ ನೋಡುತ್ತಾ ಊರಿಂದ ಇಲ್ಲಿಯವರೆಗೆ ಬಂದೆ.

ಬರೆದುಕೊ. ಏಳನೆಯ ದಿನ, ಬೆಳಿಗ್ಗೆ ಒಂಬತ್ತು ಗಂಟೆ, ಆರಕ್ಕೆ ಆರು ಗಟ್ಟಿ. ನೋಡಿದವರು ಜವರಯ್ಯ. ಒಡೆದವರೂ ಅವರೇ. ಮೇಡಂ ಕರೆದರೆ ಬಂದು ಸಹಿ ಮಾಡುತ್ತೇನೆ, ಅವರು ಏನು ಕೇಳಿದರೂ ಹೇಳುತ್ತೇನೆ.

ಬೆಳಕು ಹೋಗುತ್ತಿದೆ ಮಗಾ. ಹೊಳೆಯ ಮೇಲೆ ಇನ್ನೊಂದಿಷ್ಟು ಇದೆ, ಹಾಳೆಯ ಮೇಲೆ ಇಲ್ಲ. ಈ ಸಾಲು ಯಾವ ಸಾಲಿನ ಮೇಲೆ ಬಿತ್ತೋ ಕಾಣುತ್ತಿಲ್ಲ